ಅಥೆನ್ಸಿನ ‘ಆಸ್ಟ್ರಕಿಸಂ’ಗೆ ‘ಬಹಿಷ್ಕಾರ’ ಅನ್ನುವುದು ಸರಿಯೇ?

ಮೂಲಪಾಠ (ಚರ್ಚೆ ಆರಂಭಿಸಿದವರು)

ಕ್ರಿ.ಪೂ. ಐದನೇ ಶತಮಾನದ ಅಥೆನ್ಸಿನಲ್ಲಿ ಒಬ್ಬ ರಾಜಕಾರಣಿಯನ್ನು ಜನರೇ ಮತ ಹಾಕಿ ಹತ್ತು ವರ್ಷ ಹೊರಗೆ ಕಳಿಸುವ ಪದ್ಧತಿ ಇತ್ತು. ಗ್ರೀಕ್ ಇತಿಹಾಸದ ಕನ್ನಡ ಬರಹಗಳಲ್ಲಿ ಈ ‘ಆಸ್ಟ್ರಕಿಸಂ’ ಪದ್ಧತಿಗೆ ಸಾಮಾನ್ಯವಾಗಿ ‘ಬಹಿಷ್ಕಾರ’ ಅಂತ ಬರೆಯುತ್ತಾರೆ. ನನಗೆ ಈ ಪದ ಒಪ್ಪಿಗೆಯಾಗುತ್ತಿಲ್ಲ. ನಮ್ಮಲ್ಲಿ ಬಹಿಷ್ಕಾರ ಅಂದರೆ ಊರೊಳಗೇ ಇರುವವನನ್ನು ಇಲ್ಲದವನಂತೆ ಮಾಡುವುದು. ಬಾವಿ ನೀರು ಇಲ್ಲ, ಅಂಗಡಿಯಲ್ಲಿ ಉಪ್ಪು ಕೊಡುವಂತಿಲ್ಲ, ಮದುವೆಗೆ ಕರೆಯುವಂತಿಲ್ಲ, ಹೆಣಕ್ಕೆ ಹೆಗಲು ಕೊಡುವಂತಿಲ್ಲ. ಅಥೆನ್ಸಿನಲ್ಲಿ ಹೀಗಿರಲಿಲ್ಲ. ಹತ್ತು ವರ್ಷ ನಾಡು ಬಿಟ್ಟು ಇರಬೇಕು, ಅಷ್ಟೇ. ಹೊಲ ಮನೆ ಅವನದೇ, ಹುಟ್ಟುವಳಿ ಅವನದೇ, ಅವಧಿ ಮುಗಿಸಿ ಬಂದರೆ ಮತ್ತೆ ಎಲ್ಲ ಹಕ್ಕೂ ಉಳ್ಳ ನಾಗರಿಕ.

ಎರಡು ಪ್ರಶ್ನೆ. ಒಂದು, ಇದಕ್ಕೆ ತಕ್ಕ ಕನ್ನಡ ಪದ ಯಾವುದು? ಎರಡು, ಮತದಾನ ನಿಜವಾಗಿ ಹೇಗೆ ನಡೆಯುತ್ತಿತ್ತು? ‘ಚಿಪ್ಪಿನ ಮೇಲೆ ಹೆಸರು ಬರೆದು ಹಾಕುತ್ತಿದ್ದರು’ ಅನ್ನುವಲ್ಲಿಗೇ ಎಲ್ಲರೂ ನಿಲ್ಲಿಸಿಬಿಡುತ್ತಾರೆ. ಥೆಮಿಸ್ಟೋಕ್ಲಿಸ್‌ನಂಥ ಗಟ್ಟಿ ಆಳನ್ನು, ಸಲಮಿಸ್ ಕಡಲಯುದ್ಧ ಗೆಲ್ಲಿಸಿದ ನಾಯಕನನ್ನು, ಹೊರಗೆ ಕಳಿಸಿದ ಕ್ರಮ ಅಷ್ಟು ಸರಳವಾಗಿ ಇರಲಾರದು.

ಬೋಕಿಬಿಲ್ಲೆ

ಮೊದಲು ಆ ಚಿಪ್ಪನ್ನು ತೆಗೆದುಹಾಕಿ. ಗ್ರೀಕಿನ ‘ಒಸ್ತ್ರಕೊನ್’ ಪದಕ್ಕೆ ಚಿಪ್ಪು ಅಂತಲೂ ಅರ್ಥ ಇದೆ, ಒಡೆದ ಮಡಕೆಯ ಚೂರು ಅಂತಲೂ ಇದೆ. ಗೊಂದಲ ಅಲ್ಲಿಂದ ಬಂತು. ಅಥೆನ್ಸಿನ ನೆಲದಲ್ಲಿ ಅಗೆದಾಗ ಸಿಕ್ಕಿದ್ದು ಮಡಕೆ ಚೂರು, ಬಟ್ಟಲಿನ ತಳ, ಮಾಡಿನ ಹೆಂಚಿನ ತುಂಡು. ಒಟ್ಟು ಲೆಕ್ಕ ಹತ್ತು ಸಾವಿರ ದಾಟುತ್ತದೆ. ಅದರಲ್ಲಿ ಸುಮಾರು 8,500 ಒಂದೇ ಜಾಗದವು: ಕೆರಮೆಯ್ಕೊಸ್, ಅಂದರೆ ಕುಂಬಾರಗೇರಿ. 1960ರ ದಶಕದ ಉತ್ಖನನದಲ್ಲಿ ಎರಿದನೊಸ್ ಹೊಳೆಯ ಬದಿ ತುಂಬಿದ್ದ ಕಸದೊಳಗೆ ರಾಶಿಯಾಗಿ ಸಿಕ್ಕವು.

ಮಡಕೆ ಚೂರಿಗೆ ಕನ್ನಡದಲ್ಲಿ ಚೊಕ್ಕ ಪದವೇ ಇದೆ: ಬೋಕಿ. ಕುಂಟೆಬಿಲ್ಲೆ ಆಡಿದ ಪ್ರತಿ ಮಗುವಿಗೂ ಗೊತ್ತು.

ಕಡಲತಡಿ

ಬೋಕಿ! ಸರಿಯಾದ ಪದ ಮಾರಾಯ್ರೆ. ‘ಬೋಕಿಮತ’ ಅಂತ ಮಾಡಿದರೆ ಹೇಗೆ?

ಶಾಸನಶೋಧ

ಮೂಲಪಾಠ ಅವರ ಎರಡನೇ ಪ್ರಶ್ನೆಗೆ.

ಅಥೆನ್ಸಿನ ರಾಜಕೀಯ ವರ್ಷ ಅಲ್ಲಿನ ನಡುಬೇಸಿಗೆಗೆ (ಜುಲೈ ಹೊತ್ತಿಗೆ) ಶುರುವಾಗುತ್ತಿತ್ತು. ವರ್ಷವನ್ನು ಹತ್ತು ಪಾಲು ಮಾಡಿದ್ದರು, ಒಂದೊಂದು ಪಾಲು 35-36 ದಿನ. ಹತ್ತು ಕುಲಗಳಲ್ಲಿ ಒಂದೊಂದು ಕುಲದ 50 ಮಂದಿ ಒಂದೊಂದು ಪಾಲಿನಲ್ಲಿ ಆಡಳಿತದ ಸರದಿ ವಹಿಸುತ್ತಿದ್ದರು. (ಇಲ್ಲಿ ಕುಲ ಅಂದರೆ ಜಾತಿ ಅಲ್ಲ. ಆಡಳಿತ ಸುಧಾರಕ ಕ್ಲೆಯ್ಸ್ಥೆನೇಸ್ ಕ್ರಿ.ಪೂ. 508ರ ಸುಮಾರಿಗೆ ಕರಾವಳಿ, ಒಳನಾಡು, ಪಟ್ಟಣ ಮೂರನ್ನೂ ಬೆರೆಸಿ ಮಾಡಿದ ಮತದಾರರ ಗುಂಪು.) ಆರನೇ ಪಾಲಿನ ಮುಖ್ಯ ಸಭೆಯಲ್ಲಿ, ಅಂದರೆ ನಮ್ಮ ಲೆಕ್ಕದಲ್ಲಿ ಜನವರಿ ಹೊತ್ತಿಗೆ, ಒಂದೇ ಪ್ರಶ್ನೆ ಇಡುತ್ತಿದ್ದರು: ಈ ವರ್ಷ ಬೋಕಿಮತ ಬೇಕೋ ಬೇಡವೋ? ಕೈ ಎತ್ತಿ ಹೇಳಬೇಕು. ಯಾರ ಹೆಸರನ್ನೂ ಎತ್ತುವಂತಿಲ್ಲ. ‘ಬೇಡ’ ಅಂದರೆ ಆ ವರ್ಷಕ್ಕೆ ಮುಗಿಯಿತು. ಬಹುತೇಕ ವರ್ಷಗಳಲ್ಲಿ ಆದದ್ದು ಇದೇ.

‘ಬೇಕು’ ಅಂದರೆ ಎಂಟನೇ ಪಾಲು ಬರುವ ಮುಂಚೆ ಮತ. ನಡುವೆ ಒಂದೆರಡು ತಿಂಗಳು. ಮಾತು, ಪ್ರಚಾರ, ಒಳಸಂಚು ಎಲ್ಲವೂ ಆ ಅವಧಿಯಲ್ಲೇ. ಯಾಕೆಂದರೆ ಮತದ ದಿನ ಭಾಷಣ ಇಲ್ಲ, ಆರೋಪ ಇಲ್ಲ, ಸಮರ್ಥನೆಯೂ ಇಲ್ಲ.

ಆ ದಿನ ಅಗೊರಾ ಚೌಕಕ್ಕೆ ಹಲಗೆಯ ಬೇಲಿ ಕಟ್ಟಿ ಹತ್ತು ಬಾಗಿಲು ಬಿಡುತ್ತಿದ್ದರು, ಕುಲಕ್ಕೊಂದು. ಮನೆಯಿಂದಲೋ ಬೀದಿಯಿಂದಲೋ ತಂದ ಬೋಕಿಯ ಮೇಲೆ ಹೆಸರು ಗೀಚಿಕೊಂಡು, ಬರೆದ ಮುಖ ಕೆಳಗೆ ಮಾಡಿ, ತಮ್ಮ ಕುಲದ ಬಾಗಿಲಿನಿಂದ ಒಳಹೊಕ್ಕು ಹಾಕಬೇಕು. ಒಂಬತ್ತು ಮಂದಿ ಮುಖ್ಯಾಧಿಕಾರಿಗಳಾದ ಅರ್ಖೊನ್‌ಗಳೂ ಐನೂರರ ಮಂಡಳಿಯೂ ಮೇಲ್ವಿಚಾರಣೆಗೆ. ಮೊದಲು ಹೆಸರು ನೋಡದೆ ಒಟ್ಟು ಬೋಕಿ ಎಣಿಸುವುದು. 6,000ಕ್ಕೆ ಕಡಿಮೆ ಬಂದರೆ ರದ್ದು. ಮುಟ್ಟಿದರೆ ಹೆಸರುವಾರು ರಾಶಿ ಹಾಕುವುದು. ಯಾರ ರಾಶಿ ದೊಡ್ಡದೋ ಅವನು ಹತ್ತು ದಿನದೊಳಗೆ ವ್ಯವಹಾರ ಮುಗಿಸಿಕೊಂಡು ಅಥೆನ್ಸಿಗೆ ಸೇರಿದ ಅತ್ತಿಕ ನಾಡು ಬಿಡಬೇಕು. ಹತ್ತು ವರ್ಷ. ಮೇಲ್ಮನವಿ ಇಲ್ಲ.

ಲೆಕ್ಕಿಗ

6,000ದ ವಿಚಾರದಲ್ಲಿ ಒಂದು ತಿದ್ದುಪಡಿ. ಶಾಸನಶೋಧ ಅವರು ಹೇಳಿದ್ದು ರೋಮನ್ ಕಾಲದ ಜೀವನಚರಿತ್ರೆಕಾರ ಪ್ಲೂತರ್ಕನ (ಪ್ಲುಟಾರ್ಕ್) ಲೆಕ್ಕ: ಒಟ್ಟು 6,000 ಬೋಕಿ. ಅಥೆನ್ಸಿನ ಇತಿಹಾಸಕಾರ ಫಿಲೊಖೊರೊಸ್ ಹೇಳುವುದು ಬೇರೆ: ಒಬ್ಬನ ಹೆಸರಿಗೇ 6,000 ಬೀಳಬೇಕು. ಎರಡಕ್ಕೂ ಪುರಾತನ ಸಾಕ್ಷ್ಯ ಇದೆ.

ಶಾಸನಶೋಧ

ಇದೆ, ಒಪ್ಪುತ್ತೇನೆ. ಆದರೆ ಕೆರಮೆಯ್ಕೊಸ್ ರಾಶಿ ನೋಡಿ. ಮೆಗಕ್ಲೇಸ್ ಅನ್ನುವ ರಾಜಕಾರಣಿಯ ಹೆಸರಿನವು 4,000ಕ್ಕೂ ಹೆಚ್ಚು, ಥೆಮಿಸ್ತೊಕ್ಲೇಸ್ ಹೆಸರಿನವು 2,000 ದಾಟುತ್ತವೆ. ಮತ ಎಷ್ಟು ಜನರ ನಡುವೆ ಚದುರುತ್ತಿತ್ತು ಅಂತ ಇದರಲ್ಲೇ ಗೊತ್ತಾಗುತ್ತದೆ. ಒಬ್ಬನಿಗೇ 6,000 ಬೀಳಬೇಕಾದರೆ ಹನ್ನೆರಡು ಹದಿಮೂರು ಸಾವಿರ ಜನ ಬರಬೇಕು. ಆ ಕಾಲದ ವಯಸ್ಕ ಗಂಡು ನಾಗರಿಕರೇ ಸುಮಾರು 30,000. ಅದರಲ್ಲಿ ಬಹಳಷ್ಟು ಮಂದಿ ದೂರದ ಹಳ್ಳಿಯವರು, ಒಂದು ದಿನದ ಕೆಲಸ ಬಿಟ್ಟು ನಡೆದು ಬರಬೇಕಾದವರು. ಪ್ಲೂತರ್ಕನ ಲೆಕ್ಕವೇ ಕೆಲಸಕ್ಕೆ ಬರುವಂಥದ್ದು. 6,000 ಅನ್ನುವುದು ಒಬ್ಬ ವ್ಯಕ್ತಿಯ ಬಗ್ಗೆ ತೀರ್ಮಾನ ಮಾಡುವ ಬೇರೆ ವಿಷಯಗಳಲ್ಲೂ ಬರುವ ಗಣಪೂರ್ತಿ ಸಂಖ್ಯೆ. ಹೊರಗಿನವನಿಗೆ ನಾಗರಿಕತ್ವ ಕೊಡುವಾಗಲೂ ಮುಂದೆ ಇದೇ ಸಂಖ್ಯೆ ಬಂತು.

ಲೆಕ್ಕಿಗ

ಗಣಪೂರ್ತಿಯ ಹೋಲಿಕೆ ಬಲವಾದದ್ದು, ಆಯಿತು. ಇನ್ನೊಂದು ಲೆಕ್ಕ ಸೇರಿಸುತ್ತೇನೆ: ಹತ್ತು ಬಾಗಿಲು, 6,000 ಜನ ಅಂದರೆ ಬಾಗಿಲಿಗೆ 600. ಬಾಗಿಲಲ್ಲಿ ನಿಂತವರು ಅದೇ ಕುಲದವರು, ಮುಖ ಪರಿಚಯ ಇರುವವರು. ಒಬ್ಬನೇ ಎರಡು ಸಲ ನುಗ್ಗುವುದು ಕಷ್ಟ. ಹತ್ತು ಬಾಗಿಲಿನ ಉಪಯೋಗ ಅದೇ.

ಹೊಸಓದುಗ

ಸಾಕ್ರಟೀಸನಿಗೂ ಇದೇ ಆಗಿದ್ದಲ್ವಾ?

ಪೂರ್ವಪಕ್ಷ

ಇಲ್ಲ. ಅದು ನ್ಯಾಯಾಲಯ. ಕ್ರಿ.ಪೂ. 399. ದೂರು ಇತ್ತು, ದೂರು ಕೊಟ್ಟವರಿದ್ದರು, ಎರಡೂ ಕಡೆ ವಾದಕ್ಕೆ ನೀರಿನ ಗಡಿಯಾರ ಇಟ್ಟು ಸಮಯ ಕೊಟ್ಟಿದ್ದರು, ಚೀಟಿ ಎತ್ತಿ ಆರಿಸಿದ ನೂರಾರು ನ್ಯಾಯದರ್ಶಿಗಳು ಮತ ಹಾಕಿದರು. 30 ಮತ ಆಚೆ ಹೋಗಿದ್ದರೆ ಬಿಡುಗಡೆಯಾಗುತ್ತಿತ್ತು ಅಂತ ಅವನೇ ಹೇಳಿದ್ದಾಗಿ ಪ್ಲೇಟೊ ಬರೆಯುತ್ತಾನೆ. ಬೋಕಿಮತದಲ್ಲಿ ಇದಾವುದೂ ಇಲ್ಲ. ಅದೇ ನನ್ನ ತಕರಾರು ಕೂಡ. ಇಲ್ಲಿ ಎಲ್ಲರೂ ‘ಆಸ್ತಿ ಉಳಿಯಿತು, ಮಾನ ಉಳಿಯಿತು’ ಅಂತ ಈ ಪದ್ಧತಿಯನ್ನು ಸೌಮ್ಯ ಮಾಡುತ್ತಿದ್ದೀರಿ. ಅಪರಾಧ ಏನು ಅಂತ ಹೇಳದೆ, ಮಾತಾಡಲು ಬಿಡದೆ, ಒಬ್ಬನ ಬಾಳಿನ ಹತ್ತು ವರ್ಷ ಕಸಿಯುವುದು ಅನ್ಯಾಯ. ‘ಬಹಿಷ್ಕಾರ’ ಅನ್ನುವ ಪದದಲ್ಲಿ ಆ ಕಹಿಯಾದರೂ ಉಳಿದಿದೆ. ತೆಗೆಯಬೇಡಿ.

ಶಾಸನಶೋಧ

ಪೂರ್ವಪಕ್ಷ ಅವರೇ, ಅದಕ್ಕೆ ಮುಂಚೆ ಏನಿತ್ತು ಅಂತ ನೋಡಬೇಕು. ಕ್ರಿ.ಪೂ. 508ರಲ್ಲಿ ಅಥೆನ್ಸಿನ ಬಣನಾಯಕ ಇಸಗೊರಸ್ ಸ್ಪಾರ್ಟಾದ ದೊರೆ ಕ್ಲೆಒಮೆನೇಸನನ್ನು ಕರೆಸಿಕೊಂಡ. ತನಗೆ ಆಗದ 700 ಮನೆತನಗಳ ಪಟ್ಟಿ ಕೊಟ್ಟು, ಎಲ್ಲರನ್ನೂ ನಾಡಿನಿಂದ ಅಟ್ಟಿಸಿದ. ಒಂದು ಬಣ ಗೆದ್ದರೆ ಇನ್ನೊಂದು ಬಣ ಹೆಂಡತಿ ಮಕ್ಕಳ ಸಮೇತ ಗಂಟು ಕಟ್ಟಬೇಕು, ಹೊಲ ಮುಟ್ಟುಗೋಲು, ಆಮೇಲೆ ಅವರು ಸೈನ್ಯ ತಂದು ಸೇಡು ತೀರಿಸಿಕೊಳ್ಳಬೇಕು. ಆ ಕಾಲದ ಗ್ರೀಕ್ ನಗರಗಳ ರಾಜಕೀಯವೇ ಇದು. ಬೋಕಿಮತ ಈ ಕ್ರಮವನ್ನು ತಲೆಕೆಳಗು ಮಾಡಿತು. ವರ್ಷಕ್ಕೆ ಹೆಚ್ಚೆಂದರೆ ಒಬ್ಬ. ಅವನ ಮನೆಯವರು ಹೊರಡಬೇಕಿಲ್ಲ. ಅವಧಿ ನಿಗದಿ. ಆಸ್ತಿ ಭದ್ರ, ಹಾಗಾಗಿ ಹೊರಗೆ ಕೂತು ಸೈನ್ಯ ಕಟ್ಟುವುದಕ್ಕಿಂತ ಸುಮ್ಮನೆ ಕಾದು ಬರುವುದೇ ಲಾಭ. ಅಟ್ಟುವ ಅಧಿಕಾರ ಒಂದು ಬಣದ ಕೈಯಿಂದ ಇಡೀ ಜನರ ಕೈಗೆ ಬಂತು. ಸುಮಾರು 70 ವರ್ಷದಲ್ಲಿ ಹೀಗೆ ಹೋದವರು ಅಂತ ಖಚಿತವಾಗಿ ಹೆಸರಿಸಬಹುದಾದವರು ಹತ್ತು ಹನ್ನೆರಡು ಮಂದಿ ಮಾತ್ರ.

ಪೂರ್ವಪಕ್ಷ

700 ಮನೆತನಕ್ಕಿಂತ ಒಬ್ಬ ವಾಸಿ ಅನ್ನುವುದು ಸರಿ. ಆ ಒಬ್ಬನಿಗೆ ನ್ಯಾಯ ಆಯಿತು ಅನ್ನುವುದು ಬೇರೆ ಮಾತು.

ಮೂಲಪಾಠ

ಹೋದವರ ಕ್ರಮ ಯಾರಾದರೂ ಕೊಡುತ್ತೀರಾ? ವರ್ಷಗಳು ಗೋಜಲಾಗಿವೆ.

ಲೆಕ್ಕಿಗ

ಎಲ್ಲ ಕ್ರಿ.ಪೂ. 487: ಹಿಪ್ಪರ್ಖೊಸ್, ಖರ್ಮೊಸನ ಮಗ, ಹಳೆಯ ಸರ್ವಾಧಿಕಾರಿ ಪೆಯ್ಸಿಸ್ತ್ರತೊಸನ ನಂಟ. ಮರಥೋನ್ ಯುದ್ಧ ಗೆದ್ದ ಮೂರನೇ ವರ್ಷ. 486: ಮೆಗಕ್ಲೇಸ್, ಹಿಪ್ಪೊಕ್ರತೇಸನ ಮಗ. 484: ಕ್ಸಂಥಿಪ್ಪೊಸ್, ಪೆರಿಕ್ಲೇಸನ ತಂದೆ. 482: ಅರಿಸ್ತೆಯ್ದೇಸ್. 471ರ ಆಸುಪಾಸು ಥೆಮಿಸ್ತೊಕ್ಲೇಸ್, 461ರಲ್ಲಿ ಕಿಮೋನ್, 443ರ ಹೊತ್ತಿಗೆ ಮೆಲೇಸಿಅಸನ ಮಗ ಥುಕುದಿದೇಸ್ (ಇತಿಹಾಸಕಾರನಲ್ಲ, ಅದೇ ಹೆಸರಿನ ರಾಜಕಾರಣಿ), ಕೊನೆಗೆ 416ರ ಸುಮಾರಿಗೆ ಹುಪೆರ್ಬೊಲೊಸ್.

ಮಧ್ಯೆ ಒಂದು ಮುಖ್ಯ ವಿಷಯ. 480ರಲ್ಲಿ ಪಾರಸಿ (ಪರ್ಷಿಯಾದ) ದೊರೆ ಕ್ಸೆರ್ಕ್ಸೇಸನ ದಂಡು ಬರುವಾಗ ಹೊರಗಿದ್ದವರನ್ನೆಲ್ಲ ವಾಪಸ್ ಕರೆದರು. ಮರುವರ್ಷ ಪ್ಲತಾಯ ಯುದ್ಧದಲ್ಲಿ ಅಥೆನ್ಸಿನ ಸೇನಾನಿ ಅರಿಸ್ತೆಯ್ದೇಸ್, ಮುಕಲೆಯಲ್ಲಿ ನೌಕಾಪಡೆ ನಡೆಸಿದವನು ಕ್ಸಂಥಿಪ್ಪೊಸ್. ಊರು ಬಿಡಿಸಿದ ಇಬ್ಬರ ಕೈಗೇ ಊರನ್ನು ಒಪ್ಪಿಸಿದರು. ಕೆಲವೇ ವರ್ಷದಲ್ಲಿ ಅಥೆನ್ಸಿನ ಮುಂದಾಳತ್ವದ ದೇಲೊಸ್ ಒಕ್ಕೂಟದ ನಗರಗಳು ಯಾರು ಎಷ್ಟು ಕಪ್ಪ ಕೊಡಬೇಕು ಅಂತ ಗೊತ್ತುಮಾಡುವ ಕೆಲಸವನ್ನೂ ಅರಿಸ್ತೆಯ್ದೇಸನಿಗೇ ಕೊಟ್ಟರು, ಒಟ್ಟು 460 ತಲಂತ (ಬೆಳ್ಳಿ ತೂಗುವ ದೊಡ್ಡ ಅಳತೆ). ‘ಬಹಿಷ್ಕೃತ’ ಅನ್ನುವ ಪದ ಇಲ್ಲಿ ಹೊಂದುತ್ತದೆಯೇ, ಪೂರ್ವಪಕ್ಷ ಅವರೇ?

ಕಡಲತಡಿ

ಅರಿಸ್ತೆಯ್ದೇಸನ ಆ ಹಳ್ಳಿಗನ ಕಥೆ ಹೇಳಿ ಯಾರಾದರೂ.

ಹೊಸಓದುಗ

ಅದು ಗೊತ್ತು! ಬರೆಯಲು ಬಾರದ ರೈತನೊಬ್ಬ ಬೋಕಿ ಕೊಟ್ಟು ‘ಅರಿಸ್ತೆಯ್ದೇಸ್ ಅಂತ ಬರೆದುಕೊಡಪ್ಪ’ ಅಂತ ಅವನನ್ನೇ ಕೇಳಿದ. ‘ಅವನೇನು ಕೆಡಕು ಮಾಡಿದ?’ ಅಂದರೆ ‘ಏನೂ ಇಲ್ಲ, ನನಗವನ ಗುರುತೂ ಇಲ್ಲ, ಎಲ್ಲಿ ಹೋದರೂ ನ್ಯಾಯವಂತ ನ್ಯಾಯವಂತ ಅಂತ ಕೇಳಿ ಕೇಳಿ ಸಾಕಾಗಿದೆ’ ಅಂದನಂತೆ. ಇವನು ತನ್ನ ಹೆಸರನ್ನೇ ಬರೆದುಕೊಟ್ಟ.

ಬೋಕಿಬಿಲ್ಲೆ

ಪ್ಲೂತರ್ಕ ಅದನ್ನು ಬರೆದದ್ದು ಐನೂರಕ್ಕೂ ಹೆಚ್ಚು ವರ್ಷ ಆದಮೇಲೆ. ಕಥೆ ಚೆನ್ನಾಗಿದೆ, ಆದರೆ 482ರ ನಿಜವಾದ ಜಗಳ ಲೌರಿಒನ್ ಬೆಳ್ಳಿಗಣಿಯದು. ಹೊಸ ಅದಿರು ಸಿಕ್ಕು ಹಣ ಬಂತು. ತಲೆಗಿಷ್ಟು ಅಂತ ಹಂಚಬೇಕೋ, ಯುದ್ಧನೌಕೆ ಕಟ್ಟಬೇಕೋ? ನೌಕೆ ಅಂದವನು ಥೆಮಿಸ್ತೊಕ್ಲೇಸ್. ಅವನ ಎದುರಾಳಿ ಅರಿಸ್ತೆಯ್ದೇಸ್ ಆ ಹೊತ್ತಿಗೇ ಹೊರಗೆ. ಆ ನೌಕೆಗಳೇ 480ರಲ್ಲಿ ಸಲಮಿಸ್ ಗೆದ್ದವು.

ಜನ ನಿಜವಾಗಿ ಏನು ಗೊಣಗುತ್ತಿದ್ದರು ಅಂತ ತಿಳಿಯಬೇಕಾದರೆ ಬೋಕಿಗಳನ್ನೇ ಓದಬೇಕು. ಹೆಚ್ಚಿನವುಗಳಲ್ಲಿ ಬರೀ ಹೆಸರು, ಅಪ್ಪನ ಹೆಸರು, ಇಲ್ಲವೇ ಊರು. ಕೆಲವರಿಗೆ ಅಷ್ಟಕ್ಕೆ ಸಮಾಧಾನ ಇಲ್ಲ. ಮೆಗಕ್ಲೇಸನಿಗೆ ‘ಹಾದರಗಾರ’ ಅಂತ, ‘ಕುದುರೆ ಸಾಕುವವನು’ ಅಂತ ಬರೆದಿದ್ದಾರೆ (ಕುದುರೆ ಲಾಯ ಇಡುವುದು ಸಿರಿವಂತಿಕೆಯ ಮೆರೆದಾಟ, ಅದು ಬೈಗುಳ). ಕಲ್ಲಿಅಸ್ ಅನ್ನುವವನಿಗೆ ‘ಮೇದ’, ಅಂದರೆ ಪಾರಸಿಯವರ ಕಡೆಯವನು. ಒಂದು ಬೋಕಿಯಲ್ಲಿ ಪಾರಸಿ ಬಿಲ್ಲುಗಾರನ ಚಿತ್ರವನ್ನೂ ಕೆತ್ತಿದ್ದಾರೆ. ಕಿಮೋನನಿಗೆ ‘ಎಲ್ಪಿನಿಕೆಯನ್ನು ಕರೆದುಕೊಂಡು ಹೊರಡಲಿ’. ಎಲ್ಪಿನಿಕೆ ಅವನ ಸೋದರಿ, ಊರಲ್ಲಿ ಅವರಿಬ್ಬರ ಬಗ್ಗೆ ಗುಸುಗುಸು ಇತ್ತು. ಕ್ಸಂಥಿಪ್ಪೊಸನಿಗೆ ಯಾರೋ ಛಂದಸ್ಸು ಹಿಡಿದು ಎರಡು ಸಾಲಿನ ಪದ್ಯವನ್ನೇ ಗೀಚಿದ್ದಾನೆ. ಒಬ್ಬ ಮನುಷ್ಯರ ಹೆಸರೇ ಬಿಟ್ಟು ‘ಹಸಿವು’ ಅಂತ ಬರೆದು ಹಾಕಿದ್ದಾನೆ. ಹತ್ತು ವರ್ಷ ಹಸಿವು ಊರು ಬಿಡಲಿ ಅಂತ. ಆ ಬೋಕಿ ಲೆಕ್ಕಕ್ಕೆ ಸೇರದು, ಆದರೆ ಇಡೀ ರಾಶಿಯಲ್ಲಿ ನನಗೆ ಬಹಳ ಹತ್ತಿರವಾದದ್ದು ಅದೇ.

ತಾಳೆಗರಿ

ನಮ್ಮಲ್ಲೂ ಇಂಥದ್ದಿತ್ತು. ಚೋಳರ ಕಾಲದ ಉತ್ತರಮೇರೂರು ಶಾಸನ, ಓಲೆಗರಿಯಲ್ಲಿ ಹೆಸರು ಬರೆದು ಮಡಕೆಗೆ ಹಾಕುತ್ತಿದ್ದರು. ಮಡಕೆಗೆ ಮಡಕೆ!

ಶಾಸನಶೋಧ

ಅದು ಮತವಲ್ಲ, ಚೀಟಿ ಎತ್ತುವುದು. ಒಂದನೇ ಪರಾಂತಕನ ಶಾಸನಗಳು, ಕ್ರಿ.ಶ. 919 ಮತ್ತು 921. 30 ವಾರ್ಡು, ಅರ್ಹರ ಹೆಸರಿನ ಓಲೆ ಕೊಡಕ್ಕೆ ಹಾಕಿ ಕುಲುಕಿ, ಏನೂ ಅರಿಯದ ಹುಡುಗನ ಕೈಯಲ್ಲಿ ಎತ್ತಿಸುತ್ತಿದ್ದರು. ಅರ್ಹತೆಗೆ ವಯಸ್ಸು 35ರಿಂದ 70, ಸ್ವಂತ ಜಾಗದಲ್ಲಿ ಮನೆ, ಕಂದಾಯ ಕಟ್ಟುವ ಜಮೀನು. ಲೆಕ್ಕ ಒಪ್ಪಿಸದವನೂ ಅವನ ನಂಟರೂ ಅನರ್ಹರು. ಒಳಗೆ ತರುವ ವ್ಯವಸ್ಥೆ ಅದು, ಹೊರಗೆ ಕಳಿಸುವುದಲ್ಲ. ಅಥೆನ್ಸಿನಲ್ಲಿ ಅದಕ್ಕೆ ಜೋಡಿ ಅಂದರೆ ನ್ಯಾಯದರ್ಶಿಗಳನ್ನು ಆರಿಸುತ್ತಿದ್ದ ಕ್ಲೇರೋತೇರಿಒನ್, ಸಾಲುಸಾಲಾಗಿ ಸೀಳು ಕೊರೆದ ಕಲ್ಲಿನ ಹಲಗೆ. ಸೀಳಿಗೆ ಹೆಸರಿನ ಪಟ್ಟಿ ಸಿಕ್ಕಿಸಿ, ಪಕ್ಕದ ಕೊಳವೆಯಿಂದ ಕಪ್ಪು ಬಿಳಿ ಗುಂಡು ಒಂದೊಂದೇ ಬಿಡುತ್ತಿದ್ದರು. ಬಿಳಿ ಬಂದರೆ ಆ ಸಾಲು ಆಯ್ಕೆ, ಕಪ್ಪು ಬಂದರೆ ಮನೆಗೆ. ಅಲ್ಲದೆ ಉತ್ತರಮೇರೂರು 1,400 ವರ್ಷ ಈಚಿನದು.

ತಾಳೆಗರಿ

ಒಪ್ಪಿದೆ. ಹಾಗಿದ್ದರೆ ಪ್ರಾಚೀನ ಕಾಲದ್ದನ್ನೇ ಹೇಳುತ್ತೇನೆ, ಮತ್ತು ಇದು ಮೂಲಪಾಠ ಅವರ ಮೊದಲ ಪ್ರಶ್ನೆಗೆ ನೇರ ಉತ್ತರ. ಬಹಿಷ್ಕಾರಕ್ಕೆ ನಮ್ಮ ಧರ್ಮಶಾಸ್ತ್ರದಲ್ಲಿ ಇದ್ದ ಕ್ರಿಯೆ ಘಟಸ್ಫೋಟ. ಅಲ್ಲೂ ಮಡಕೆ ಇದೆ. ಮನುಸ್ಮೃತಿಯ 11ನೇ ಅಧ್ಯಾಯದಲ್ಲಿ ವಿವರ ಹೀಗಿದೆ: ಪತಿತನಾದವನ ಸಪಿಂಡರು (ಹತ್ತಿರದ ರಕ್ತಸಂಬಂಧಿಗಳು) ಊರ ಹೊರಗೆ, ಅಶುಭ ದಿನ, ಸಂಜೆ ಹೊತ್ತು, ನಂಟರು ಪುರೋಹಿತರು ಗುರುಗಳ ಎದುರಿಗೆ, ಅವನು ಬದುಕಿರುವಾಗಲೇ ತರ್ಪಣ ಬಿಡಬೇಕು. ದಾಸಿಯೊಬ್ಬಳು ನೀರು ತುಂಬಿದ ಕೊಡವನ್ನು ಕಾಲಿಂದ ಒದ್ದು ಉರುಳಿಸಬೇಕು, ಸತ್ತವನಿಗೆ ಮಾಡಿದಂತೆ. ನಂಟರಿಗೆ ಒಂದು ಹಗಲು ಒಂದು ರಾತ್ರಿ ಸೂತಕ. ಅಲ್ಲಿಂದಾಚೆ ಅವನೊಡನೆ ಮಾತಿಲ್ಲ, ಪಂಕ್ತಿಯಿಲ್ಲ, ಪಿತ್ರಾರ್ಜಿತದಲ್ಲಿ ಪಾಲಿಲ್ಲ. ಪ್ರಾಯಶ್ಚಿತ್ತ ಮಾಡಿಕೊಂಡರೆ ಮಾತ್ರ ಅವನ ಜೊತೆ ಪುಣ್ಯಜಲದಲ್ಲಿ ಮಿಂದು, ಹೊಸ ಕೊಡ ನೀರಿಗೆ ಬಿಟ್ಟು, ಮತ್ತೆ ಸೇರಿಸಿಕೊಳ್ಳುತ್ತಾರೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಇಲ್ಲಿ ಕೊಡ ಉರುಳಿದರೆ ಮನುಷ್ಯ ಸತ್ತಂತೆ, ಕಾರಣ ಪಾಪ, ಅವಧಿ ಇಲ್ಲ, ತೀರ್ಮಾನ ನಂಟರದು. ಅಲ್ಲಿ ಬೋಕಿ ಬಿದ್ದರೆ ಮನುಷ್ಯ ದೂರವಾದ, ಪಾಪದ ಮಾತೇ ಇಲ್ಲ, ಹತ್ತು ವರ್ಷ ಅಂತ ಗೆರೆ ಇದೆ, ಪ್ರಾಯಶ್ಚಿತ್ತ ಬೇಕಿಲ್ಲ. ಬಹಿಷ್ಕಾರ ಅನ್ನುವ ಪದ ಘಟಸ್ಫೋಟಕ್ಕೇ ಸಲ್ಲಬೇಕಾದದ್ದು.

ಪೂರ್ವಪಕ್ಷ

ಇದು ಬಲವಾದ ಮಾತು. ಬಹಿಷ್ಕಾರ ಬೇಡ ಅನ್ನುವುದನ್ನು ಒಪ್ಪುತ್ತೇನೆ. ‘ಗಡಿಪಾರು’ ಅನ್ನಬಹುದಲ್ಲವೇ?

ಲೆಕ್ಕಿಗ

ಗಡಿಪಾರು ಅಂದ ತಕ್ಷಣ ಪೊಲೀಸರು ರೌಡಿಶೀಟರ್‌ಗಳಿಗೆ ಹೊರಡಿಸುವ ಆದೇಶ ನೆನಪಾಗುತ್ತದೆ. ಅಧಿಕಾರಿಯ ಆದೇಶ, ಅಪರಾಧದ ಹಿನ್ನೆಲೆ. ಅಥೆನ್ಸಿನಲ್ಲಿ ಎರಡೂ ಇಲ್ಲ. ಅಲ್ಲಿ ಗಡಿಪಾರಿಗೆ ಹತ್ತಿರದ್ದು ನ್ಯಾಯಾಲಯ ಕೊಡುತ್ತಿದ್ದ ‘ಫುಗೇ’: ಜೀವನಪೂರ್ತಿ, ಆಸ್ತಿ ಮುಟ್ಟುಗೋಲು. ಥೆಮಿಸ್ತೊಕ್ಲೇಸನ ಬಾಳಲ್ಲಿ ಎರಡೂ ನಡೆದವು, ಆದ್ದರಿಂದ ಅವನೇ ಒಳ್ಳೆಯ ಉದಾಹರಣೆ. ಬೋಕಿಮತ ಆದಾಗ ಅರ್ಗೊಸ್‌ಗೆ ಹೋಗಿ ನೆಮ್ಮದಿಯಾಗಿದ್ದ, ಆಸ್ತಿ ಹಾಗೇ ಇತ್ತು. ಅಲ್ಲಿರುವಾಗಲೇ ಪಾರಸಿಯವರ ಜೊತೆ ಸಂಚು ಅಂತ ದೇಶದ್ರೋಹದ ಆರೋಪ ಬಂತು. ಆಗ ಓಡಬೇಕಾಯಿತು, ಆಗ ಆಸ್ತಿ ಹೋಯಿತು.

ಕಡಲತಡಿ

ಓಡಿದ್ದು ಎಲ್ಲಿಗೆ ಅಂತ ಹೇಳಿ ಪೂರ್ತಿ ಮಾಡಿ. ತಾನು ಸಲಮಿಸ್‌ನಲ್ಲಿ ಸೋಲಿಸಿದ ಕ್ಸೆರ್ಕ್ಸೇಸನ ಮಗನ ಬಳಿಗೇ! ಅರ್ತಕ್ಸೆರ್ಕ್ಸೇಸ್ ಅವನಿಗೆ ಮೂರು ಊರು ಉಂಬಳಿ ಕೊಟ್ಟ: ರೊಟ್ಟಿಗೆ ಮಗ್ನೇಸಿಅ, ದ್ರಾಕ್ಷಾರಸಕ್ಕೆ ಲಂಪ್ಸಕೊಸ್, ‘ಒಪ್ಸೊನ್’ಗೆ ಮುಊಸ್. ಮಗ್ನೇಸಿಅ ಒಂದರದೇ ಹುಟ್ಟುವಳಿ ವರ್ಷಕ್ಕೆ 50 ತಲಂತ. ಆ ಒಪ್ಸೊನ್ ಅನ್ನುವುದನ್ನು ಅನುವಾದಕರು ಮಾಂಸ, ಮೀನು, ಭಕ್ಷ್ಯ ಅಂತ ಏನೇನೋ ಬರೆಯುತ್ತಾರೆ. ಗ್ರೀಕರ ಊಟದಲ್ಲಿ ರೊಟ್ಟಿಯೋ ಗಂಜಿಯೋ ಮುಖ್ಯ, ಜೊತೆಗೆ ಏನಿದ್ದರೂ, ಮೀನೋ ಕಾಳೋ ಈರುಳ್ಳಿಯೋ, ಅದು ಒಪ್ಸೊನ್. ಕನ್ನಡದಲ್ಲಿ ‘ನೆಂಚಿಕೊಳ್ಳಲು’ ಅಂದರೆ ಮುಗಿಯಿತು.

ಮೂಲಪಾಠ

‘ನೆಂಚಿಕೊಳ್ಳಲು ಮುಊಸ್’! ಅದ್ಭುತ. ಬರೆದುಕೊಂಡೆ.

ಬೋಕಿಬಿಲ್ಲೆ

ಥೆಮಿಸ್ತೊಕ್ಲೇಸನ ವಿರುದ್ಧ ಇನ್ನೊಂದು ಸಾಕ್ಷ್ಯ ಇದೆ, ಅದನ್ನು ಬಿಡಬಾರದು. ಅಥೆನ್ಸಿನ ಕೋಟೆಗುಡ್ಡ ಅಕ್ರೊಪೊಲಿಸಿನ ಉತ್ತರದ ಇಳಿಜಾರಿನಲ್ಲಿ ಒಂದು ಬಾವಿ. 1930ರ ದಶಕದಲ್ಲಿ ಅಗೆದಾಗ ಅದರೊಳಗೆ 190 ಬೋಕಿ ಸಿಕ್ಕವು, ಎಲ್ಲದರಲ್ಲೂ ಅವನ ಹೆಸರೇ. ಕೈಬರಹ ನೋಡಿದರೆ ಬರೆದವರು 14 ಮಂದಿ ಮಾತ್ರ. ಹೆಚ್ಚಿನವು ಕುಡಿಯುವ ಬಟ್ಟಲಿನ ತಳ, ಕೆಳಗೆ ಬಳೆಯಂಥ ಪಾದ ಇರುತ್ತದಲ್ಲ, ಆ ಭಾಗ. ಆಯ್ಕೆಗೆ ಕಾರಣ ಇದೆ: ಬಟ್ಟಲಿನ ಪಕ್ಕ ತೆಳು, ಒತ್ತಿ ಗೀಚಿದರೆ ಸೀಳುತ್ತದೆ. ತಳ ದಪ್ಪ, ಅಂಗೈಗೆ ಹಿಡಿಯುತ್ತದೆ. ಕಪ್ಪು ಮೆರುಗಿನ ಮೇಲೆ ಮೊನಚಾದದ್ದರಿಂದ ಗೀಚಿದರೆ ಒಳಗಿನ ಕೆಂಪು ಮಣ್ಣು ಕಂಡು ಅಕ್ಷರ ಎದ್ದು ಕಾಣುತ್ತದೆ. ಶಾಯಿ ಬೇಡ.

ಪೂರ್ವಪಕ್ಷ

ನೋಡಿ! ಮೊದಲೇ ಬರೆದಿಟ್ಟ ಮತ. ಇದೇ ಅಲ್ಲವೇ ಮೋಸ? ಜನರ ತೀರ್ಮಾನ ಅಂದಿರಿ.

ಬೋಕಿಬಿಲ್ಲೆ

ಮೊದಲೇ ಬರೆದಿಟ್ಟದ್ದು ಹೌದು. ಹಂಚಿದ್ದೇ ಮೋಸ ಅನ್ನಲು ಆಗದು. ಅಕ್ಷರ ಬಾರದವರೂ ಮತ ಹಾಕಬೇಕು, ಅವರಿಗೆ ಯಾರಾದರೂ ಬರೆದುಕೊಡಲೇಬೇಕು. ಬಾಗಿಲಲ್ಲಿ ನಿಂತು ‘ಥೆಮಿಸ್ತೊಕ್ಲೇಸ್ ಬೇಕಾ, ತಗೊಳ್ಳಿ’ ಅಂತ ಹಂಚುವುದನ್ನು ಕಾನೂನು ತಡೆದದ್ದಕ್ಕೆ ಸಾಕ್ಷ್ಯ ಇಲ್ಲ. ಒಬ್ಬನಿಗೆ ಒಂದೇ ಬೋಕಿ ಅನ್ನುವುದಷ್ಟೇ ನಿಯಮ. ಅಕ್ಷರ ಬಾರದವನ ಕೈಗೆ ಬೇರೆ ಹೆಸರಿನದು ಕೊಟ್ಟರೆ ಅದು ಮೋಸ, ಆ ಅಪಾಯ ಇದ್ದೇ ಇತ್ತು. ಇನ್ನು ಈ 190 ಬಾವಿಗೆ ಬಿದ್ದದ್ದು ಯಾಕೆ? ಎಣಿಕೆಯಾದ ಬೋಕಿಗಳನ್ನು ರಸ್ತೆ ಹಳ್ಳಕ್ಕೋ ಹೊಳೆ ಬದಿಗೋ ಸುರಿಯುತ್ತಿದ್ದರು, ನಾನಾ ಹೆಸರು ಬೆರೆತು. ಇಲ್ಲಿ ಒಂದೇ ಹೆಸರು. ತೆಗೆದುಕೊಳ್ಳುವವರಿಲ್ಲದೆ ಉಳಿದ ಸರಕು ಅನ್ನುವುದೇ ಸರಿಹೊಂದುತ್ತದೆ.

ಕೆರಮೆಯ್ಕೊಸ್‌ನಲ್ಲಿ ಇನ್ನೊಂದು ಬಗೆ ಇದೆ. ಬೇರೆ ಬೇರೆ ಹೆಸರಿನ ಎರಡು ಬೋಕಿಗಳ ಅಂಚು ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಅಂದರೆ ಒಂದೇ ಮಡಕೆ ಒಡೆದು ಅಕ್ಕಪಕ್ಕದವರು ಹಂಚಿಕೊಂಡು ತಮತಮಗೆ ಬೇಕಾದ ಹೆಸರು ಗೀಚಿದ್ದಾರೆ. ಆ ಎರಡು ಹೆಸರು ಒಂದೇ ವರ್ಷದ ಕಣದಲ್ಲಿದ್ದವು ಅಂತ ಗೊತ್ತಾಗುವುದು ಹೀಗೆ. ಮೆಗಕ್ಲೇಸ್ ಎರಡು ಸಲ ಹೊರಹೋದ ಅನ್ನುವ ವಾದಕ್ಕೆ ಇಂಥ ಜೋಡಣೆಗಳೂ ಆಧಾರ.

ಹತ್ತಿಕಾಳು

ಹುಪೆರ್ಬೊಲೊಸ್ ಸುದ್ದಿ ಯಾರೂ ತಗೀಲಿಲ್ಲಲ್ರೀ. ಈ ಪದ್ಧತಿ ಸತ್ತಿದ್ದ ಅಲ್ಲಿ. ಒಂದ್ ಕಡೆ ನಿಕಿಅಸ್, ಸ್ಪಾರ್ಟಾ ಜೋಡಿ ಶಾಂತಿ ಇರ್ಲಿ ಅನ್ನಾಂವ. ಇನ್ನೊಂದ್ ಕಡೆ ಅಲ್ಕಿಬಿಅದೇಸ್, ಯುದ್ಧ ಬೇಕ ಅನ್ನಾಂವ. ಹುಪೆರ್ಬೊಲೊಸ್ ಏನ್ ಲೆಕ್ಕಾ ಹಾಕಿದಾ ಅಂದ್ರ, ಇಬ್ಬರೊಳಗ ಒಬ್ಬಾಂವ ಹೋಗ್ತಾನ, ಉಳದಾಂವನ್ನ ನಾ ನೋಡ್ಕೋತೀನಿ ಅಂತ. ಅವರಿಬ್ಬರೂ ಒಳಗಿಂದೊಳಗ ಕೈ ಕೂಡಿಸಿ ತಮ್ಮ ತಮ್ಮ ಮಂದಿಗೆ ‘ಹುಪೆರ್ಬೊಲೊಸ್ ಹೆಸರು ಗೀಚ್ರಿ’ ಅಂದ್ರು. ಗಂಟು ಕಟ್ಟಿದಾಂವ ಇಂವನ.

ಇದು ಯಾಕ ಆತು ಅಂದ್ರ ನಿಯಮದೊಳಗನ ಕಿಂಡಿ ಇತ್ತು. ಕಣದಾಗ ಯಾರದಾರ ಅಂತ ಮೊದಲ ಪಟ್ಟಿ ಇಲ್ಲ. ಅರ್ಧಕ್ಕಿಂತ ಹೆಚ್ಚು ಬೀಳಬೇಕು ಅಂತಿಲ್ಲ. ಎರಡನೇ ಸುತ್ತೂ ಇಲ್ಲ. ದೊಡ್ಡ ರಾಶಿ ಯಾರದೋ ಅಂವ ಹೊರಗ. ಎರಡು ಬಣ ಎದರಾಬದರಾ ನಿಂತಾಗ ಈ ನಿಯಮ ಛಲೋ ನಡೀತದ. ಎರಡೂ ಬಣ ಒಂದಾದ್ರ ಮೂರನೇದಾಂವ ಸಿಗತಾನ.

ಶಾಸನಶೋಧ

ಕರಾರುವಾಕ್ಕಾಗಿ ಹೇಳಿದಿರಿ. ಆಗಿನ ವಿನೋದ ನಾಟಕಕಾರನೊಬ್ಬ ‘ಇಂಥವನಿಗಾಗಿ ಬೋಕಿ ಕಂಡುಹಿಡಿದದ್ದಲ್ಲ’ ಅಂತ ಬರೆದ. ಬೋಕಿ ಬೀಳುವುದು ಒಂದು ಬಗೆಯ ಹಿರಿಮೆಯ ಗುರುತು, ಇವನು ಅದಕ್ಕೂ ಲಾಯಕ್ಕಲ್ಲ ಅನ್ನುವ ಅರ್ಥ. ಹುಪೆರ್ಬೊಲೊಸ್ 411ರಲ್ಲಿ ಸಮೊಸ್ ದ್ವೀಪದಲ್ಲಿ ಕೊಲೆಯಾದ. ಆಮೇಲೆ ಬೋಕಿಮತ ನಡೆಯಲೇ ಇಲ್ಲ. ಆದರೆ ಕಾನೂನು ತೆಗೆಯಲಿಲ್ಲ. ನೂರು ವರ್ಷದ ಹತ್ತಿರ ಆದಮೇಲೂ, ಅರಿಸ್ಟಾಟಲನ ಕಾಲದಲ್ಲಿ, ಆರನೇ ಪಾಲಿನ ಸಭೆಯಲ್ಲಿ ‘ಬೇಕೋ ಬೇಡವೋ’ ಅಂತ ಕೇಳುತ್ತಲೇ ಇದ್ದರು.

ಹೊಸಓದುಗ

ಬೇರೆ ಕಡೆ ಇದನ್ನು ನಕಲು ಮಾಡಲಿಲ್ಲವೇ?

ಲೆಕ್ಕಿಗ

ಮಾಡಿದರು. ಅರ್ಗೊಸ್, ಮೆಗರ, ಮಿಲೇತೊಸ್ ಹೆಸರು ಬರುತ್ತವೆ. ಸಿಸಿಲಿಯ ಸುರಕೂಸೈ ನಗರದ್ದು ವಿಚಿತ್ರ: ಬೋಕಿಯ ಬದಲು ಆಲಿವ್ ಎಲೆ. ‘ಪೆತಲಿಸ್ಮೊಸ್’ ಅಂತ ಹೆಸರು, ಅವಧಿ ಐದೇ ವರ್ಷ, ಕ್ರಿ.ಪೂ. 454ರ ಸುಮಾರು. ಬೇಗ ಕೆಟ್ಟಿತು. ತಿಳಿವಳಿಕೆ ಇದ್ದವರು ‘ಯಾವ ದಿನ ನನ್ನ ಹೆಸರಿಗೆ ಎಲೆ ಬೀಳುತ್ತದೋ’ ಅಂತ ಹೆದರಿ ರಾಜಕೀಯವನ್ನೇ ಬಿಟ್ಟು ತಮ್ಮ ಪಾಡಿಗೆ ಸುಖವಾಗಿದ್ದುಬಿಟ್ಟರು. ಊರಿನ ಕೆಲಸ ಬಾಯಿಬಡುಕರ ಪಾಲಾಯಿತು. ಜನರೇ ಕಾನೂನು ತೆಗೆದುಹಾಕಿದರು. ಅಥೆನ್ಸಿನ ನಿಯಮದಲ್ಲಿದ್ದ ಎರಡು ತಡೆ, ಅಂದರೆ ಮೊದಲು ಬೇಕೋ ಬೇಡವೋ ಅನ್ನುವ ಮತ ಮತ್ತು 6,000ದ ಗಣಪೂರ್ತಿ, ಎಷ್ಟು ಮುಖ್ಯ ಅಂತ ಇದರಿಂದ ತಿಳಿಯುತ್ತದೆ.

ಮೂಲಪಾಠ

ಎಲ್ಲರಿಗೂ ಧನ್ಯವಾದ. ‘ಬೋಕಿಮತ’ ಅಂತಲೇ ಬಳಸುತ್ತೇನೆ, ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ ಸೇರಿಸುತ್ತೇನೆ. ಕೊನೆಯದೊಂದು ಅನುಮಾನ. ನಾನು ‘ಥೆಮಿಸ್ಟೋಕ್ಲಿಸ್’ ಅಂತ ಬರೆದೆ, ನೀವೆಲ್ಲ ‘ಥೆಮಿಸ್ತೊಕ್ಲೇಸ್’ ಅನ್ನುತ್ತಿದ್ದೀರಿ. ಯಾವುದು ಸರಿ?

ತಾಳೆಗರಿ

ನಿಮ್ಮದು ಇಂಗ್ಲಿಷಿನ ಹಾದಿಯಲ್ಲಿ ಬಂದದ್ದು. ಗ್ರೀಕಿನಿಂದ ನೇರ ಬರೆಯಲು ಕನ್ನಡ ಲಿಪಿಯಷ್ಟು ಅನುಕೂಲವಾದ ಲಿಪಿಗಳು ಕಡಿಮೆ. ಗ್ರೀಕಿನಲ್ಲಿ ಎ-ಏ ಬೇರೆ, ಒ-ಓ ಬೇರೆ, ನಮ್ಮಲ್ಲೂ ಬೇರೆ. ಪ್ರಾಚೀನ ಥೇತ ಅಕ್ಷರ ನಮ್ಮ ಮಹಾಪ್ರಾಣ ‘ಥ’ವೇ. ಹಾಗಾಗಿ ಥೆ-ಮಿಸ್-ತೊ-ಕ್ಲೇಸ್: ಎ ಹ್ರಸ್ವ, ಒ ಹ್ರಸ್ವ, ಏ ದೀರ್ಘ. ಬೋಕಿಗಳಲ್ಲಿ ಮಾತ್ರ ಈ ದೀರ್ಘ ಕಾಣಿಸದು. ಆಗಿನ ಅತ್ತಿಕ ಲಿಪಿಯಲ್ಲಿ ಎ-ಏ ಎರಡಕ್ಕೂ ಒಂದೇ ಅಕ್ಷರ, ಒ-ಓ ಎರಡಕ್ಕೂ ಒಂದೇ. ಬೇರೆ ಬೇರೆ ಅಕ್ಷರ ಅಥೆನ್ಸಿನ ಸರ್ಕಾರಿ ಬರಹಕ್ಕೆ ಬಂದದ್ದು ಕ್ರಿ.ಪೂ. 403ರಲ್ಲಿ. ಹಳಗನ್ನಡ ಶಾಸನ ಓದುವವರಿಗೆ ಇದು ಹೊಸದಲ್ಲ, ಅಲ್ಲೂ ಎ-ಏ, ಒ-ಓ ಒಂದೇ ಥರ ಬರೆದು ಓದುವವರಿಗೆ ಬಿಡುತ್ತಿದ್ದರು.

ಬೋಕಿಬಿಲ್ಲೆ

ಇನ್ನೂ ಒಂದು. ಬಹಳಷ್ಟು ಬೋಕಿಗಳಲ್ಲಿ ಎರಡು ಕಡೆಯೂ ಥೇತ ಇದೆ: ಥೆಮಿಸ್ಥೊಕ್ಲೇಸ್. ಬೀದಿಯ ಉಚ್ಚಾರ ಹಾಗಿತ್ತು.

ಮೂಲಪಾಠ

ಹಾಗಾದರೆ ಒಂದು ಬೋಕಿಯ ಪೂರ್ತಿ ಪಾಠ ಕನ್ನಡದಲ್ಲಿ ಕೊಡಬೇಕಾದರೆ? ಫ್ರೆಅರ್ರಿಒಯಿ ಊರಿನ ನೆಒಕ್ಲೇಸನ ಮಗ ಥೆಮಿಸ್ಥೊಕ್ಲೇಸ್ ಅಂತ?

ಶಾಸನಶೋಧ

ಕ್ರಮ ತಿರುಗಿಸಿ. ‘ಥೆಮಿಸ್ಥೊಕ್ಲೇಸ್, ನೆಒಕ್ಲೇಸನ ಮಗ, ಫ್ರೆಅರ್ರಿಒಯಿಯವನು’. ಮೊದಲು ತನ್ನ ಹೆಸರು, ಆಮೇಲೆ ಅಪ್ಪ, ಕೊನೆಗೆ ಊರು.

ಹತ್ತಿಕಾಳು

ಹಂಗಂದ್ರ ನಮ್ಮ ಕಡೆ ಹೆಸರಿನ ಕ್ರಮಾನ ಆತಲ್ರೀ! ಮೈಸೂರು ಕಡೆ ಊರಿನ ಇನಿಶಿಯಲ್ ಮುಂದ ಬರ್ತದ. ನಮ್ಮಲ್ಲಿ ಮೊದಲ ತನ್ನ ಹೆಸರು, ನಡುವ ಅಪ್ಪಂದು, ಕಡೀಕ ಊರಿಂದ ಬಂದ ಅಡ್ಡಹೆಸರು. ಆ ಊರು ಬಿಟ್ಟು ಎಷ್ಟೋ ತಲಿಮಾರು ಆದ್ರೂ ಅಡ್ಡಹೆಸರು ಹಂಗ ಇರ್ತದ.

ಶಾಸನಶೋಧ

ಅಲ್ಲೂ ಹಾಗೆಯೇ. ಕ್ಲೆಯ್ಸ್ಥೆನೇಸನ ಕಾಲದಲ್ಲಿ ಮನೆತನ ಯಾವ ಊರಿನ ಪಟ್ಟಿಯಲ್ಲಿ ಸೇರಿತೋ, ಮೊಮ್ಮಕ್ಕಳು ಪಟ್ಟಣದಲ್ಲೇ ಹುಟ್ಟಿ ಬೆಳೆದರೂ ಅದೇ ಊರಿನ ಹೆಸರು. ಬೋಕಿ ಹಾಕಲು ಹೋಗುತ್ತಿದ್ದದ್ದೂ ಆ ಊರು ಸೇರಿದ ಕುಲದ ಬಾಗಿಲಿನಿಂದಲೇ.